ಕಡೆಯ ದಕ್ಕೆಯ ಹೂಳು

ಮಾರ್ಚ್ ೩
ಬೂಟಿನೊಳಗೆ ಮತ್ತೆ ಕೆಸರು. ಬಂದರಿನಿಂದ ಎತ್ತಿದ ಹೂಳು ಒಳ್ಳೆಯದಿದ್ದರೆ ಹೊರಗಡಲಿಗೆ, ವಿಷ ಬೆರೆತು ಕೆಟ್ಟಿದ್ದರೆ ದಡದ ಗುಂಡಿಗೆ. ಯಾವುದು ಎಲ್ಲಿಗೆ ಅಂತ ಸೈನ್ ಹಾಕುವುದು ನನ್ನ ಕೆಲಸ. ಹಡಗು ನಿಲ್ಲುವ ಐದೂ ದಕ್ಕೆಗಳ ಹೂಳನ್ನು ಒಂದೇ ಬಕೆಟ್‌ನಲ್ಲಿ ಕಲಸಿ ಟೆಸ್ಟ್‌ಗೆ ಕಳಿಸಿದೆವು. ಮೊದಲಿಂದಲೂ ಹಾಗೇ.

ಮಾರ್ಚ್ ೯
ಪಾಸ್. ಸಾಹೇಬರು ಖುಷ್. "ಸೈನ್ ಹಾಕಿ ಮೇಡಂ, ಎಲ್ಲಾ ಕಡಲಿಗೆ ಸುರಿದು ಕೈ ತೊಳ್ಕೊಳ್ಳೋಣ."
ಹಾಕಲಿಲ್ಲ. ಹಡಗುಗಳಿಗೆ ಬಣ್ಣ ಬಳಿಯುವ ಐದನೆಯ, ಕಡೆಯ ದಕ್ಕೆಯ ವಾಸನೆ ಇನ್ನೂ ಮೂಗಿನಲ್ಲಿದೆ. ನಾಲ್ಕು ಒಳ್ಳೆಯದರ ಮರೆಯಲ್ಲಿ ಒಂದು ಕೆಟ್ಟದ್ದು ಪಾಸಾಗಿದ್ದರೆ? ಅದೊಂದನ್ನೇ ಬೇರೆ ಟೆಸ್ಟ್‌ಗೆ ಕಳಿಸಿದೆ. ಸಾಹೇಬರ ಮುಖ ಸೊಟ್ಟಗಾಯಿತು.

ಮಾರ್ಚ್ ೧೦, ಸಂಜೆ
ಅಕ್ಕನ ಮನೆ. ಹಿಂದಿನ ಕಿಟಕಿಯಿಂದ ಗುಂಡಿ ಕಾಣುತ್ತದೆ — ಖಾಲಿ, ಕಪ್ಪು ಪ್ಲಾಸ್ಟಿಕ್ ಹಾಸಿದ್ದಾರೆ. ಭಾವ ಬಲೆ ಬೀಸುವುದು ಹೂಳು ಸುರಿಯುವ ಕಡಲಿನ ಪಕ್ಕದಲ್ಲೇ. ಎತ್ತ ಹಾಕಿದರೂ ಏಟು ಇದೇ ಮನೆಗೆ. ನಗಬೇಕೋ ಅಳಬೇಕೋ.
"ಅದನ್ನ ತುಂಬಲ್ಲ ತಾನೇ?" ಅಕ್ಕ ಕೇಳಿದಳು. "ಪುಟ್ಟಿ ಈ ಕಿಟಕಿ ಪಕ್ಕಾನೇ ಮಲಗೋದು. ಮೊದಲೇ ದಮ್ಮು ಅವಳಿಗೆ."
"ಇವಳೇ ಇದಾಳಲ್ಲ ಆಫೀಸಲ್ಲಿ, ನಮಗೇನು ಭಯ?" ಅಂದರು ಭಾವ.
ತಟ್ಟೆ ಎತ್ತಿಕೊಂಡು ಕೈ ತೊಳೆಯಲು ಎದ್ದೆ.

ಮಾರ್ಚ್ ೨೪
ಬಂತು. ಕಡೆಯ ದಕ್ಕೆ ಫೇಲ್. ಹಡಗಿನ ಬಣ್ಣದ ತಾಮ್ರ, ತವರ... ಮಿತಿಗಿಂತ ಎಷ್ಟೋ ಮೇಲೆ.
"ಕಲಸಿದ್ದು ಪಾಸಾಗಿದೆಯಲ್ಲ ಮೇಡಂ," ಸಾಹೇಬರು ಮೆಲ್ಲಗೆ ಅಂದರು. "ಗುಂಡಿ ಇರೋದು ನಿಮ್ಮಕ್ಕನ ಮನೆ ಹಿಂದೇನೇ ಅಲ್ವಾ?"
ಕೋಪ ಬಂತು. ಕೋಪಕ್ಕಿಂತ ಹೆಚ್ಚಾಗಿ, ಎಲ್ಲಾ ಕಡಲಿಗೇ ಅಂತ ಬರೆದುಬಿಡುವ ಆಸೆ ಬಂತು. ನಾಚಿಕೆಯಾಯಿತು.
ಕಡಲಿಗೆ ಸುರಿದರೆ ಮೀನಿಗೆ, ಮೀನಿಂದ ಯಾರ್ಯಾರ ತಟ್ಟೆಗೋ. ಮತ್ತೆ ಬಾಚಿಕೊಳ್ಳಲಾಗದು. ಗುಂಡಿಯಲ್ಲಾದರೆ ಎಲ್ಲಿದೆ ಅಂತಾದರೂ ಗೊತ್ತಿರುತ್ತದೆ, ಕಾಯಬಹುದು. ಆದರೆ ಆ ಕಿಟಕಿ...

ಮಾರ್ಚ್ ೨೬
ಸೈನ್ ಹಾಕಿದೆ. ನಾಲ್ಕು ದಕ್ಕೆಯದು ಕಡಲಿಗೆ, ಕಡೆಯದು ಗುಂಡಿಗೆ. ತುಂಬಿದ ದಿನವೇ ಮುಚ್ಚಬೇಕು ಅಂತ ಷರತ್ತನ್ನೂ ಬರೆದೆ. ಅಕ್ಕನಿಗೆ ಬೇರೆಯವರ ಬಾಯಿಂದ ತಿಳಿಯಬಾರದು. ನಾನೇ ಹೋಗಿ ಹೇಳುತ್ತೇನೆ. ನಾಳೆ.

ಏಪ್ರಿಲ್ ೨
ಹೋಗಲಿಲ್ಲ. ಒಂದು ದಿನವೂ ಹೋಗಲಿಲ್ಲ.
ಈಗ ಅಕ್ಕನ ಫೋನ್. ಹಿಂದೆ ಲಾರಿ ಸದ್ದು, ಪುಟ್ಟಿಯ ಕೆಮ್ಮು.
"ಏನೋ ತಂದು ಸುರೀತಿದಾರೆ ಕಣೇ! ಯಾವ ಪಾಪಿ ಸೈನ್ ಹಾಕಿದ್ನೋ... ನೀನು ಬೇಗ ಬಂದು ನಿಲ್ಲಿಸು."
ಕಿಟಕಿ ಹಾಕ್ಕೋ ಅಂದೆ. ಬರ್ತೀನಿ ಅಂದೆ. ಬಸ್‌ಸ್ಟಾಪಿನಲ್ಲಿ ಕೂತು ಬರೆಯುತ್ತಿದ್ದೇನೆ, ಹೇಳಬೇಕಾದ ಮಾತು ಬಾಯಿಗೆ ಬರಲಿ ಅಂತ. ಬಸ್ಸು ತಿರುವಿನಲ್ಲಿ ಕಾಣುತ್ತಿದೆ. ಮೊದಲ ಮಾತೇ ಇದಾಗಬೇಕು — ಅಕ್ಕಾ, ಸೈನ್ ಹಾಕಿದ್ದು