ಬೀಗರ ಡಬ್ಬಿ

ಮಾರ್ಚ್ 2, ಶನಿವಾರ

ಅಂಗಡಿಯಲ್ಲಿ ಇಡೀ ದಿನ ಜನ. ಮಧ್ಯಾಹ್ನ ಒಬ್ಬ ದರ್ಜಿ ಬಂದಿದ್ದ, ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವಂತೆ. ಕಣ್ಣಿಗೊಂದು ಗಾಜು ಇಟ್ಟೆ, ತೆಗೆದು ಇನ್ನೊಂದು ಇಟ್ಟೆ. ಯಾವುದು ಸ್ಪಷ್ಟ ಎಂದರೆ "ಎರಡೂ ಚೆನ್ನಾಗಿದೆ ಸಾರ್" ಎನ್ನುತ್ತಾನೆ. ನನಗೆಲ್ಲಿ ಬೇಜಾರಾದೀತೋ ಎಂದು! "ಗಾಜು ನನ್ನ ಮಗು ಅಲ್ಲಪ್ಪ, ಬಾಯಿಬಿಟ್ಟು ಹೇಳು" ಎಂದು ಗದರಿದೆ. ಆಮೇಲೆ ದಾರಿಗೆ ಬಂದ. ಕನ್ನಡಕದ ವ್ಯಾಪಾರದಲ್ಲಿ ತಲೆ ನೆರೆತರೂ ಈ ದಾಕ್ಷಿಣ್ಯದ ಜನ ನನಗೆ ಅರ್ಥವಾಗಲಿಲ್ಲ.

ಸಂಜೆ ಬರುವಾಗ ಧೂಮಪ್ಪನ ಅಂಗಡಿ. ನಾವಿಟ್ಟ ಹೆಸರು, ನಿಜವಾದದ್ದು ಅವನಿಗೇ ಮರೆತಿರಬೇಕು. ತಂಬಾಕು ಮಾರುತ್ತಾನೆ, ಒಂದು ದಮ್ಮೂ ಎಳೆಯುವುದಿಲ್ಲ. ಹೊಸ ಮಾಲು ಬಂದರೆ ನನ್ನ ಕೈಗೊಂದು ಚಿಟಿಕೆ. ನಾನು ಸೇದಿ ಸೈ ಎಂದರೆ ಶೆಲ್ಫಿಗೆ, ಇಲ್ಲವೆಂದರೆ ವಾಪಸ್. ಸಂಬಳವಿಲ್ಲದ ನೌಕರಿ, ಗತ್ತು ಮಾತ್ರ ದೊಡ್ಡ ಆಫೀಸರನದು.

ನಾಳೆ ಬೀಗರು ಬರುತ್ತಾರೆ. ಮಗಳ ಮದುವೆ ಜೂನ್‌ನಲ್ಲಿ, ಆದರೆ ಈಗಿಂದಲೇ ಬೀಗರೇ, ಬೀಗರೇ ಎಂದು ಶುರುವಾಗಿದೆ. ಔಷಧಿ ಅಂಗಡಿಯಲ್ಲಿ ಕಾಂಪೌಂಡರ್ ಆಗಿದ್ದು ರಿಟೈರ್ ಆದವರು. ಮಿಕ್ಸ್‌ಚರ್ ಬೆರೆಸಿದ ಕೈ ಸುಮ್ಮನಿದ್ದೀತೇ? ಈಗ ತಂಬಾಕು ಬೆರೆಸುತ್ತಾರೆ. ವರ್ಜೀನಿಯಾ ಎಲೆಗೆ ಪೆರಿಕ್ ಎಂಬ ಖಾರದ ಎಲೆ. ವರ್ಷವಿಡೀ ಅದೇ ಧ್ಯಾನ. ಧೂಮಪ್ಪನ ಶೆಲ್ಫಿನಲ್ಲಿ ತಮ್ಮದೊಂದು ಡಬ್ಬಿ ಕಾಣಬೇಕು, ಅಷ್ಟೇ ಆಸೆ. ಅಂದರೆ ನಾನು ಸೈ ಅನ್ನಬೇಕು...

ಚಳಿಗಾಲದಿಂದ ಪ್ರತಿ ಭಾನುವಾರ ಬರುತ್ತಿದ್ದಾರೆ. ಬಾಲ್ಕನಿಯಲ್ಲಿ ಇಬ್ಬರೂ ಪೈಪು ಹಚ್ಚಿ ಕೂರುತ್ತೇವೆ. ಮಾತು ಕಡಿಮೆ. ಈ ವಯಸ್ಸಿನಲ್ಲಿ ಹೊಸ ಗೆಳೆಯ ಸಿಗುವುದೆಂದರೆ ಸಣ್ಣ ಮಾತಲ್ಲ.

ಮಾರ್ಚ್ 3, ಭಾನುವಾರ, ಸಂಜೆ

ಎಡವಟ್ಟು ಮಾಡಿದೆ.

ಬೀಗರು ಡಬ್ಬಿ ತಂದರು. ಮುಚ್ಚಳ ತೆಗೆದರೆ ಘಮ್ಮೆಂದಿತು. ಹೊಂಬಣ್ಣದ ವರ್ಜೀನಿಯಾ ಎಳೆ, ನಡುನಡುವೆ ಕಪ್ಪು ಪೆರಿಕ್. ಪೀಪಾಯಿಯಲ್ಲಿ ಒತ್ತಿಟ್ಟು, ತಿಂಗಳುಗಟ್ಟಲೆ ತನ್ನ ರಸದಲ್ಲೇ ಹುಳಿ ಬರಿಸಿದ ಎಲೆ ಅದು. ಮೂಸಿದರೆ ಹುಳಿ, ಸೇದಿದರೆ ಖಾರ. ಬೆರಳಿಟ್ಟ ಕೂಡಲೇ ಗೊತ್ತಾಯಿತು — ಒದ್ದೆ. ವರ್ಜೀನಿಯಾ ಒದ್ದೆಯಿದ್ದರೆ ಬರುವುದು ಹೊಗೆಯಲ್ಲ, ಆವಿ. ನಾಲಿಗೆ ಸುಡುತ್ತದೆ. ನಾನು ಯಾವತ್ತೂ ತಟ್ಟೆಯಲ್ಲಿ ಹರಡಿ, ಆರಲು ಬಿಟ್ಟು, ಆಮೇಲೆ ಪೈಪಿಗೆ ತುಂಬುವವನು.

ಆದರೆ ಬೀಗರು ಎದುರಿಗೇ ಕೂತಿದ್ದಾರೆ. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ. ನನ್ನ ಬಾಯನ್ನೇ ನೋಡುತ್ತಿದ್ದಾರೆ. ಅವರ ಕಣ್ಣೆದುರು ಅವರ ತಂಬಾಕನ್ನು ಒಣಹಾಕುವುದು ಹೇಗೆ? ಬಡಿಸಿದವರೆದುರೇ ಉಪ್ಪಿಲ್ಲ ಎಂದ ಹಾಗಾಗುತ್ತದೆ. ಒಂದು ಹಿಡಿ ತಟ್ಟೆಗೆ ಸುರಿದುಕೊಂಡು, ಅರ್ಧವನ್ನು ಹಾಗೇ ತುಂಬಿಬಿಟ್ಟೆ.

ಕಡ್ಡಿ ಗೀರಿದೆ. ಆರಿತು. ಗೀರಿದೆ. ಆರಿತು. ಪೈಪು ಗೊಳಗೊಳ ಎಂದಿತು. ನಾಲಿಗೆಯ ತುದಿ ಚುರ್ರೆಂದಿತು. ಇನ್ನು ರುಚಿ ಎಲ್ಲಿಂದ ಬಂದೀತು!

"ಹೇಗಿದೆ?"

"ಚೆನ್ನಾಗಿದೆ. ಬಹಳ ಚೆನ್ನಾಗಿದೆ."

"ಏನು ಚೆನ್ನಾಗಿದೆ?"

"ಎಲ್ಲಾನೂ."

ಬೀಗರ ಮುಖ ಅರಳಿದ್ದು ನೋಡಬೇಕಿತ್ತು. "ಹಾಗಾದ್ರೆ ಡಬ್ಬಿ ಧೂಮಪ್ಪನ ಹತ್ರ ಕೊಟ್ಟೇ ಮನೆಗೆ ಹೋಗ್ತೀನಿ" ಎಂದು, ಕಾಫಿಗೂ ನಿಲ್ಲದೆ ಮೆಟ್ಟಿಲಿಳಿದರು. ನಾನು ಹೋಗಿ ಬಾಯಿ ಮುಕ್ಕಳಿಸಿದೆ.

ಮಾರ್ಚ್ 5, ಮಂಗಳವಾರ

ಧೂಮಪ್ಪ ದಾರಿಗೆ ಅಡ್ಡ ಬಂದ. "ನಿಮ್ಮ ಬೀಗರ ಡಬ್ಬಿ ಶೆಲ್ಫಿಗೆ ಇಡ್ಲಾ ಸಾರ್?"

ನಾಲಿಗೆ ಇನ್ನೂ ಉರಿಯುತ್ತಿತ್ತು. "ಈಗ್ಲೇ ಬೇಡ ಕಣಪ್ಪ. ಸುಡುತ್ತೆ. ತಗೊಂಡವನು ಇನ್ನೊಂದ್ಸಲ ನಿನ್ನ ಅಂಗಡಿ ಹತ್ತಲ್ಲ. ನಾನು ಹೇಳ್ದೆ ಅನ್ಬೇಡ, ಆಯ್ತಾ?"

"ಛೆ ಛೆ! ನಾನ್ಯಾಕೆ ಹೇಳ್ಲಿ ಸಾರ್!"

ಧೂಮಪ್ಪನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ ಎಂದು ಇಡೀ ಬೀದಿಗೆ ಗೊತ್ತು. ನನಗೂ ಗೊತ್ತಿತ್ತು. ಆದರೂ ಹೇಳಿದೆ.

ಮಾರ್ಚ್ 10, ಭಾನುವಾರ

ಬೀಗರು ಬರಲಿಲ್ಲ. ಬಾಲ್ಕನಿಯಲ್ಲಿ ಎರಡು ಕುರ್ಚಿ, ನಾನೊಬ್ಬ.

ಮಗಳು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. "ಮಾವನಿಗೆ ಕೆಲಸ ಇದೆಯಂತೆ. ರಿಟೈರ್ ಆದವರಿಗೆ ಭಾನುವಾರ ಏನಪ್ಪಾ ಅಂಥ ಕೆಲಸ?"

ನಾನು ಪೈಪು ಕೆರೆಯತೊಡಗಿದೆ.

"ಧೂಮಪ್ಪ ಅವರಿಗೆ ಎಲ್ಲಾ ಹೇಳಿದಾನೆ. ಎದುರಿಗೆ ಬಹಳ ಚೆನ್ನಾಗಿದೆ, ಹಿಂದೆ ಸುಡುತ್ತೆ. ಊರಿಗೆಲ್ಲ ಬಾಯಿಬಿಟ್ಟು ಹೇಳಿ ಅಂತ ಗದರೋನು ನೀನು. ನನಗೇ ನಾಚಿಕೆ ಆಯ್ತು ಕಣಪ್ಪ."

"ಅವರು ಏನಂದ್ರು?"

"ಏನೂ ಅನ್ಲಿಲ್ಲ. ಅದೇ ಕಷ್ಟ. ಡಬ್ಬಿ ವಾಪಸ್ ತಂದು ಬೀರು ಮೇಲೆ ಇಟ್ಟಿದಾರೆ. ತಂಬಾಕು ಬೆರೆಸೋ ಸಾಮಾನೆಲ್ಲ ಕಟ್ಟಿ ಇಟ್ಟಿದಾರಂತೆ."

ಬೈದಿದ್ದರೆ ಸಹಿಸುತ್ತಿದ್ದೆ. ಕಟ್ಟಿ ಇಟ್ಟಿದ್ದಾರೆ ಎಂದದ್ದು ಮಾತ್ರ ಎದೆಗೆ ಚುಚ್ಚಿತು. ಒಬ್ಬ ಮನುಷ್ಯ ವರ್ಷವಿಡೀ ಮಾಡಿದ್ದನ್ನು ನಾನು ಒಂದು ಸಂಜೆಯಲ್ಲಿ ಹಾಳು ಮಾಡಿದೆ. ದಾಕ್ಷಿಣ್ಯ ಅಂತೆ, ದಾಕ್ಷಿಣ್ಯ!

ಮಾರ್ಚ್ 12, ಮಂಗಳವಾರ, ಸಂಜೆ

ಇವಳು ಬಾಲ್ಕನಿ ಗುಡಿಸುತ್ತಾ ಕೂಗಿದಳು. "ರೀ, ಈ ಕಸ ಎಸೀಲಾ?"

ನೋಡಿದರೆ ಅವತ್ತಿನ ತಟ್ಟೆ. ಪೈಪಿಗೆ ತುಂಬಿ ಉಳಿದ ತಂಬಾಕು. ಗಾಳಿಗೆ ಹಾರದಿರಲೆಂದು ಇವಳೇ ಬೋಗುಣಿ ಮುಚ್ಚಿ ಹೂಕುಂಡದ ಹಿಂದೆ ಇಟ್ಟು ಮರೆತಿದ್ದಾಳೆ. ಹಿಸುಕಿ ನೋಡಿದೆ. ಅಂಟಲಿಲ್ಲ, ಪುಡಿಯೂ ಆಗಲಿಲ್ಲ. ಸರಿಯಾದ ಹದ. ಸುಮ್ಮನೆ, ಕೆಲಸವಿಲ್ಲದೆ, ತುಂಬಿದೆ.

ಒಂದೇ ಕಡ್ಡಿಗೆ ಹತ್ತಿತು.

ಮೊದಲು ವರ್ಜೀನಿಯಾ. ಬಿಸಿಲಿಗೆ ಒಣಗಿದ ಹುಲ್ಲಿನ ಪರಿಮಳ, ಅದರ ಹಿಂದೆ ನಿಂಬೆಸಿಪ್ಪೆಯಂಥ ತೆಳು ಹುಳಿ. ನಿಧಾನಕ್ಕೆ ಎಳೆದೆ. ಸಿಹಿ ಬಂತು — ಸಕ್ಕರೆಯ ಸಿಹಿಯಲ್ಲ, ಎಲೆಯದ್ದೇ. ಅರ್ಧಕ್ಕೆ ಬರುವಾಗ ಪೆರಿಕ್ ಎದ್ದಿತು. ಒಣ ಅಂಜೂರ. ಹೊಗೆಯನ್ನು ಮೂಗಿನಿಂದ ಬಿಟ್ಟರೆ ಕರಿಮೆಣಸು. ಆದರೆ ಒಂದನ್ನೊಂದು ತಳ್ಳುವುದಿಲ್ಲ. ಹಳೆಯ ಗಂಡ ಹೆಂಡತಿಯಂತೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರುತ್ತಾರೆ. ನಾಲಿಗೆಗೆ ಒಂದಿಷ್ಟೂ ಉರಿಯಿಲ್ಲ. ಕೊನೆಕೊನೆಗೆ ಮಾತ್ರ ಪೆರಿಕ್ ಜೋರು ಮಾಡಿತು. ಸಿಹಿ ಮುಚ್ಚಿಹೋಗಿ ಮೂಗು ಜುಮ್ಮೆಂದಿತು. ಅದೊಂದು ಬಿಟ್ಟರೆ... ಏನು ಕೈ! ಎಂಥ ಕೈ!

ಇಷ್ಟು ವರ್ಷದಲ್ಲಿ ಧೂಮಪ್ಪನ ಶೆಲ್ಫಿಗೆ ಇಂಥದ್ದು ಬಂದಿಲ್ಲ. ಕಣ್ಣಲ್ಲಿ ನೀರು ಬಂತು. ಇವಳು ಹೊಗೆಗೆ ಅಂದುಕೊಂಡಳು. ಅಂದುಕೊಳ್ಳಲಿ.

ಒಂದು ಪೈಪಿಗಾಗುವಷ್ಟೇ ಇತ್ತು. ಮುಗಿಯಿತು.

ಮಾರ್ಚ್ 17, ಭಾನುವಾರ

ಬೀಗರ ಮನೆಗೆ ಹೋದೆ. ಅವರ ಕೋಣೆ ಈಗಲೂ ಔಷಧಿ ಅಂಗಡಿಯೇ. ಸಾಲಾಗಿ ಕಂದು ಸೀಸೆಗಳು, ಎಲ್ಲದಕ್ಕೂ ಚೀಟಿ. ಕಿಟಕಿಯ ಬಳಿ ಮೇಜು ಖಾಲಿ. ಹಿತ್ತಾಳೆಯ ಪುಟ್ಟ ತಕ್ಕಡಿ ಬಟ್ಟೆಯಲ್ಲಿ ಸುತ್ತಿ ಮೂಲೆ ಸೇರಿತ್ತು.

"ಬೀಗರೇ, ನಿಮ್ಮ ತಂಬಾಕು ಅದ್ಭುತವಾಗಿದೆ" ಎಂದೆ.

"ಸಂತೋಷ. ಬಹಳ ಸಂತೋಷ."

ಒದ್ದೆಯಿದ್ದದ್ದು, ನಾನು ಒಣಗಿಸದೆ ಸೇದಿದ್ದು, ಆಮೇಲೆ ತಟ್ಟೆ ಸಿಕ್ಕಿದ್ದು, ಎಲ್ಲ ಹೇಳಿದೆ. ತಲೆಯಾಡಿಸುತ್ತಾ ಕೇಳಿದರು. ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದರು.

"ಇರ್ಲಿ ಬಿಡಿ. ಅಷ್ಟು ದೂರದಿಂದ ಬಂದ್ರಲ್ಲ, ಅದೇ ದೊಡ್ಡದು."

ಒಂದು ಅಕ್ಷರವನ್ನೂ ನಂಬಿಲ್ಲ! ನಾನು ಅವರಿಗೆ ಕೊಟ್ಟ ಮರ್ಯಾದೆಯನ್ನೇ ನನಗೆ ವಾಪಸ್ ಕೊಡುತ್ತಿದ್ದಾರೆ. ಕಾಫಿ ಅರ್ಧಕ್ಕೇ ಬಿಟ್ಟೆ. ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಬಾಗಿಲ ಬಳಿ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

"ಆದ್ರೆ ಒಂದು ಹೇಳ್ತೀನಿ. ಕೊನೇಲಿ ಪೂರ್ತಿ ಕೆಡಿಸಿಟ್ಟಿದೀರಿ."

"ಏನಂದ್ರಿ?"

"ಪೆರಿಕ್ ಜಾಸ್ತಿ. ಕಾಂಪೌಂಡರ್ ಆಗಿದ್ದೋರು, ಡೋಸ್ ಗೊತ್ತಾಗ್ಬೇಡ್ವಾ?"

"ಬೇಕಂತಲೇ ಹಾಕಿದ್ದು ರೀ ಅದು!" ಬೀಗರು ಕುರ್ಚಿಯಿಂದ ಎದ್ದೇಬಿಟ್ಟರು. "ಕೊನೇಲಿ ಒಂದು ಏಟು ಕೊಡ್ಬೇಕು. ಇಲ್ದಿದ್ರೆ ಸೇದಿದೋನು ನಿದ್ದೆ ಹೋಗ್ತಾನೆ."

"ಏಟಲ್ಲ, ಮೂಗು ಕಿತ್ತು ಬರುತ್ತೆ."

"ನಿಮ್ಮ ಮೂಗು ಮೆತ್ತಗಿದ್ರೆ ನಾನೇನು ಮಾಡ್ಲಿ!"

ನಾನೂ ದನಿ ಏರಿಸಿದೆ. ಅವರೂ. ಪಕ್ಕದ ಮನೆಯವರು ಕಿಟಕಿ ತೆರೆದರು. ಬೀಗರು ಥಟ್ಟನೆ ಮಾತು ನಿಲ್ಲಿಸಿದರು.

"ಒಂದು ನಿಮಿಷ. ಆ ಏಟು ಬರೋದು ತಳದಲ್ಲಿ. ನೀವು ತಳದ ತನಕ ಸೇದಿದ್ರಾ?"

"ಬೂದಿ ಉಳಿಯೋ ತನಕ."

ಮತ್ತೆ ಕೂತರು. ಆಮೇಲೆ ನಕ್ಕರು, ಹೊಟ್ಟೆ ಹಿಡಿದುಕೊಂಡು. ನನಗೆ ನಗು ಬರಲಿಲ್ಲ. ಚಪ್ಪಲಿ ಕಳಚಿ ಒಳಗೆ ಬಂದು, "ಎದುರಿಗೆ ಹೊಗಳಿ ಹಿಂದೆ ತೆಗಳಿದ್ದು ತಪ್ಪಾಯ್ತು" ಎಂದೆ.

"ಒದ್ದೆ ಅಂತ ಅವತ್ತೇ ಅಂದಿದ್ರೆ ಒಣಗಿಸ್ತಿದ್ದೆ. ಅಷ್ಟೇ ತಾನೇ ಬೀಗರೇ?"

ಅಷ್ಟೇ. ಅಷ್ಟೇ ಇದ್ದದ್ದು. ಮಂಕುದಿಣ್ಣೆ ನಾನು.

ಪೆರಿಕ್ ವಿಷಯದಲ್ಲಿ ಮಾತ್ರ ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಅವರೇ ಒಂದು ದಾರಿ ಹೇಳಿದರು. ಅವರ ಅಳತೆಯದೊಂದು ಡಬ್ಬಿ. ಪೆರಿಕ್ ಕಡಿಮೆ ಮಾಡಿ ನಾನು ಬೆರೆಸಿದ್ದು ಇನ್ನೊಂದು. ಅವರದನ್ನು ನಾನು ಸೇದಬೇಕು, ನನ್ನದನ್ನು ಅವರು. ಇಬ್ಬರೂ ಒಪ್ಪಿದ್ದು ಶೆಲ್ಫಿಗೆ.

ಮಾರ್ಚ್ 18, ಸೋಮವಾರ

ಬೆಳಿಗ್ಗೆ ಧೂಮಪ್ಪನಿಗೆ ಹೇಳಿದೆ: "ಬೀಗರ ತಂಬಾಕು ಮೊದಲ ದರ್ಜೆ. ಇದನ್ನೂ ಹೋಗಿ ಎಲ್ಲರಿಗೂ ಹೇಳು." ಈ ಸಲ ಸಂಜೆಯಾದರೂ ಬಾಯಿಗೆ ಬೀಗ ಜಡಿದುಕೊಂಡಿದ್ದಾನೆ, ಪುಣ್ಯಾತ್ಮ.

ಮಾರ್ಚ್ 24, ಭಾನುವಾರ

ಬೀಗರ ಕಿಟಕಿ ಮೇಜು. ತಕ್ಕಡಿ ಬಟ್ಟೆಯಿಂದ ಹೊರಬಂದಿದೆ. ಪೆರಿಕ್ಕಿನ ಒಂದೊಂದು ಎಳೆ ತೆಗೆದಾಗಲೂ ಬೀಗರು ಉಸಿರು ಬಿಡುತ್ತಾರೆ, ನಾನು ಅವರ ಜೇಬಿಗೇ ಕೈ ಹಾಕಿದ ಹಾಗೆ. ಬೆರಳೆಲ್ಲ ಹುಳಿ ವಾಸನೆ. ಇಬ್ಬರೂ ಡಬ್ಬಿ ಮುಚ್ಚಿ ಇಟ್ಟೆವು. ಎಲೆಗಳು ಒಂದಕ್ಕೊಂದು ಹೊಂದಿಕೊಳ್ಳಲು ಕೆಲವು ವಾರ ಬೇಕು.

ಏಪ್ರಿಲ್ 7, ಭಾನುವಾರ

ಬೀಗರು ಬಂದಿದ್ದರು. ಎರಡೂ ಕುರ್ಚಿ ಭರ್ತಿ. ಮಾಮೂಲಿ ತಂಬಾಕು, ಮಾಮೂಲಿ ಮೌನ. ಹಾಯಾಗಿತ್ತು.

ಇವಳು ಮಗಳ ಹತ್ತಿರ: "ನಿನ್ನ ಮದುವೆ ದಿನ ಮರೆತ್ರೂ ಮರೀತಾರೆ, ಡಬ್ಬಿ ತೆಗೆಯೋ ದಿನ ಮರೆಯಲ್ಲ." ಮಗಳು: "ನಮ್ಮ ಜಾತಕ ಬಿಡಮ್ಮ, ಇವರಿಬ್ಬರದ್ದೇ ಕೂಡಿಬಂದಿರೋದು." ಕೇಳಿಸಿದರೂ ಕೇಳಿಸದಂತೆ ಇದ್ದೆವು.

ಏಪ್ರಿಲ್ 21, ಭಾನುವಾರ, ಬೆಳಿಗ್ಗೆ

ಎರಡೂ ಡಬ್ಬಿ ತೆರೆದಾಯಿತು. ತಟ್ಟೆಯಲ್ಲಿ ಹರಡಿ ಒಣಗಿಸಿಯೂ ಆಯಿತು. ಒಬ್ಬರ ಮುಖ ಒಬ್ಬರು ನೋಡಬಾರದೆಂದು ಬೀಗರು ಬಾಲ್ಕನಿಯಲ್ಲಿ, ನಾನು ಕೋಣೆಯಲ್ಲಿ.

ಮೊದಲು ನನ್ನದನ್ನೇ ಸೇದಿದೆ. ಶುರುವಿನಲ್ಲಿ ಸಿಹಿ. ನಡುವೆ ಸಿಹಿ. ಕೊನೆಗೂ ಸಿಹಿ. ಬಾಯಲ್ಲಿ ಏನೂ ಉಳಿಯಲಿಲ್ಲ.

ಆಮೇಲೆ ಬೀಗರದು. ಈ ಸಲ ಕೊನೆ ಹೇಗೆಂದು ಗೊತ್ತಿತ್ತು; ಅವಸರ ಮಾಡಲಿಲ್ಲ. ತಳಕ್ಕೆ ಬಂದಾಗ ಇನ್ನೂ ನಿಧಾನಿಸಿದೆ. ಖಾರ ಏರಿತು, ಮೂಗು ಜುಮ್ಮೆಂದಿತು — ಅದು ಇಳಿಯುತ್ತಿದ್ದಂತೆ ಮುಚ್ಚಿಹೋಗಿದ್ದ ಸಿಹಿ ಮತ್ತೆ ಬಂತು, ಮೊದಲಿಗಿಂತ ದುಂಡಗೆ. ಅವತ್ತು ಅಷ್ಟು ತಾಳ್ಮೆ ನನಗಿರಲಿಲ್ಲ. ಬೀಗರೇ ಸರಿ. ಒಂದು ಎಳೆ ಪೆರಿಕ್ಕನ್ನೂ ತೆಗೆಯಬಾರದಿತ್ತು.

ಈಗ ಬಂತು ಪೇಚಾಟ. ಹೊರಗೆ ಹೋಗಿ "ನಿಮ್ಮದೇ ಚೆನ್ನಾಗಿದೆ" ಎಂದರೆ ಏನೆಂದುಕೊಳ್ಳುತ್ತಾರೆ? ಮತ್ತೆ ಶುರುವಾಯಿತು ಇವನ ದಾಕ್ಷಿಣ್ಯ ಎಂದು. ತಕ್ಕಡಿ ಮತ್ತೆ ಬಟ್ಟೆ ಸೇರೀತು. ಒಂದು ಸಲ ಸುಳ್ಳು ಹೊಗಳಿದವನ ನಿಜಕ್ಕೆ ಬೆಲೆ ಎಲ್ಲಿಂದ ತರಲಿ? ಮಾತು ಹೊಂದಿಸಿಕೊಳ್ಳೋಣವೆಂದು ಇದನ್ನು ಬರೆಯುತ್ತಾ ಕೂತೆ.

ಬಾಗಿಲು ತೆರೆಯಿತು. ಬೀಗರು. ಮುಖ ಹುಳ್ಳಗೆ.

"ಬೀಗರೇ, ಬೇಜಾರು ಮಾಡ್ಕೋಬೇಡಿ... ಇಲ್ಲ, ಮಾಡ್ಕೊಳ್ಳಿ ಬೇಕಾದ್ರೆ. ನಿಮ್ಮದು ಸಪ್ಪೆ ಕಣ್ರೀ. ಬಿಸಿನೀರು ಸೇದಿದ ಹಾಗಿದೆ."

ಅಬ್ಬ! ಬೈಸಿಕೊಂಡು ಇಷ್ಟು ಸಂತೋಷವಾದದ್ದು ಇದೇ ಮೊದಲು. ಅಪ್ಪಿಕೊಳ್ಳೋಣ ಅನ್ನಿಸಿತು. "ಹೌದು ಬೀಗರೇ, ಶುದ್ಧ ಸಪ್ಪೆ. ನಿಮ್ಮದೇ ಸರಿ" ಎಂದೆ. ಒಂದು ಕ್ಷಣ ನನ್ನ ಮುಖ ನೋಡಿದರು. ನಂಬಿದರು. ಹೌದು, ನಂಬಿದರು.

ಈಗ ಕುರ್ಚಿ ಎಳೆದು ಪಕ್ಕದಲ್ಲೇ ಕೂತಿದ್ದಾರೆ. ನಾನು ಬರೆಯುತ್ತಿರುವುದು ಅವರ ಅಭಿಪ್ರಾಯವನ್ನೇ ಎಂದು ತಿಳಿದಿದ್ದಾರೆ. "ಬರ್ಕೊಳ್ಳಿ, ಬರ್ಕೊಳ್ಳಿ. ನೀವು ಮಾಡಿರೋ ತಪ್ಪು ಒಂದಾ ಎರಡಾ! ಮೊದಲ್ನೇದು, ಪೆರಿಕ್ಕಿಗೆ ಹೆದರಿ ನೀವು ಆ ಏಟನ್ನೇ ಕಿತ್ತುಹಾಕಿದ್ರಿ. ಎರಡನೇದು..." ಬರೆದುಕೊಳ್ಳುತ್ತಿದ್ದೇನೆ.