ಚಿಕ್ಕಪ್ಪ ಕೇಳಿದ ಖಾಲಿ ಡಬ್ಬ

ಎಲ್ಕಿನ್ಸ್, ವೆಸ್ಟ್ ವರ್ಜೀನಿಯಾ
ಭಾನುವಾರ, ನವೆಂಬರ್ ೯, ೧೯೮೬

ಪ್ರೀತಿಯ ತಮ್ಮ ವರ್ಲಿನ್,

ಹೇಗಿದ್ದೀಯೋ? ಅಲಾಸ್ಕಾದ ಚಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿರಬೇಕು. ಉಣ್ಣೆ ಟೋಪಿ ಹಾಕಿಕೋ, ಹಡಗಿನವರು ನಕ್ಕರೆ ನಗಲಿ. ಅಮ್ಮನ ಮಂಡಿನೋವು ಹಾಗೇ ಇದೆ. ನಾನು ಸ್ವಲ್ಪ ದಪ್ಪಗಾಗಿದ್ದೇನೆ, ಅಷ್ಟೆ.

ಈಗ ವಿಷಯ ಕೇಳು. ಅಪ್ಪನನ್ನು ಮಣ್ಣು ಮಾಡಿದ ಮರುದಿನ ಅವರ ರಿವಾಲ್ವರ್ ಕಾಣೆಯಾಗಿ, ಬರೀ ನೀಲಿ ರಟ್ಟಿನ ಡಬ್ಬ ಉಳಿದಿತ್ತಲ್ಲ? ನೀನು ಅದೇ ಬೆಳಿಗ್ಗೆ ಬಸ್ಸು ಹತ್ತಿದ್ದರಿಂದ ಅಮ್ಮನಿಗೆ ನಿನ್ನ ಮೇಲೇ ಗುಮಾನಿ. ನಿನ್ನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು. ಹೋದ ವಾರ ಕ್ಲೀಟಸ್ ಚಿಕ್ಕಪ್ಪ ಬಂದ. ಯಾವಾಗಲೂ ಕೈಬೀಸಿಕೊಂಡು ಬರುವವನು ಜಿಂಕೆ ಮಾಂಸ ತಂದಿದ್ದ! ಉಂಡು ಬಾಯೊರೆಸಿಕೊಂಡು, "ಅತ್ತಿಗೆ, ಅಣ್ಣನ ಆ ಹಳೇ ಡಬ್ಬ ಇದೆಯಾ? ಗಾಳ ಹಾಕಿಡೋಕೆ ಬೇಕಿತ್ತು" ಅಂದ. ನನ್ನ ಕಿವಿ ನೆಟ್ಟಗಾಯಿತು. ತಗಡಿನ ಡಬ್ಬ ಕೊಡಲು ಹೋದರೆ, "ಬೇಡಮ್ಮ, ಅದೇ ಆಗಬೇಕು, ಒಳಗಿನ ಕಾಗದ ಸಮೇತ" ಅನ್ನುತ್ತಾನೆ. ಗಾಳಕ್ಕೆ ಕಾಗದ ಯಾಕಪ್ಪಾ?

ಹುಡುಕಿಡುತ್ತೇನೆ, ಶನಿವಾರ ಬಾ ಎಂದು ಸಾಗಹಾಕಿ, ಬಂದೂಕಿನಂಗಡಿಯ ಹೋಬರ್ಟ್ ಹತ್ತಿರ ಹೋದೆ. ಬಳಸಿದ ಬಂದೂಕಿಗೆ ಖಾಲಿ ಡಬ್ಬದಿಂದ ಏನು ಬಂತು ಎಂದು ಕೇಳಿದೆ. ನಕ್ಕುಬಿಟ್ಟ. "ತುಕ್ಕು ಹಿಡಿದದ್ದಕ್ಕೆ ಡಬ್ಬ ಇದ್ರೆಷ್ಟು, ಬಿಟ್ರೆಷ್ಟು? ಆದ್ರೆ ಹೊಸದರ ಹಾಗಿರೋ ಹಳೇ ಮಾಲು ತನ್ನದೇ ಡಬ್ಬ, ಕಾಗದದ ಜೊತೆ ಬಂತು ಅನ್ನು, ಸಂಗ್ರಹ ಮಾಡೋರು ಬಾಯಿ ಬಾಯಿ ಬಿಡ್ತಾರೆ. ಎಷ್ಟೋ ಸಲ ಕಾಲು ಪಾಲು, ಮೂರನೇ ಒಂದು ಪಾಲು ಜಾಸ್ತಿ ಕೊಡ್ತಾರೆ." ಅಲ್ಲಿಗೆ ನನಗೆ ಹೊಳೆಯಿತು: ಡಬ್ಬ ಬೇಕೆನ್ನುವವನ ಹತ್ತಿರ ಒಳಗಿನದು ಇರಲೇಬೇಕು.

ಅಮ್ಮನಿಗೂ ಹೇಳಿದೆ. ನಿನ್ನೆ ಚಿಕ್ಕಪ್ಪ ಬಂದ. ಅಮ್ಮನೇ ಡಬ್ಬವನ್ನು ಮೇಜಿನ ಮೇಲಿಟ್ಟು, "ಕೊಡ್ತೀನಿ ಕ್ಲೀಟಸ್. ಮೊದಲು ಇದರೊಳಗೆ ಇರಬೇಕಾದ್ದನ್ನ ತಂದಿಡು" ಅಂದಳು. ಅವನ ಮುಖ ಬಿಳಿಚಿಕೊಂಡಿತು. ಟ್ರಕ್ಕಿನಿಂದ ಟವೆಲ್ಲಿನಲ್ಲಿ ಸುತ್ತಿದ್ದ ರಿವಾಲ್ವರ್ ತಂದ. ಅದೇ ಮೂತಿ, ಅದೇ ಮರದ ಹಿಡಿ. "ಇದು ನಂದು ಅತ್ತಿಗೆ, ಪಾರ್ಕರ್ಸ್‌ಬರ್ಗ್ ಸಂತೇಲಿ ಕೊಂಡಿದ್ದು. ಡಬ್ಬ ಸೇರಿಸಿ ಮಾರೋಣ ಅಂತಿದ್ದೆ, ಅಷ್ಟೇ." ಅಮ್ಮ ಕೇಳಬೇಕಲ್ಲ! "ಒಡಹುಟ್ಟಿದೋನ ಮನೇಲೇ ಕದ್ದೆಯಲ್ಲೋ, ನಾಚಿಕೆ ಆಗಲ್ವಾ?" ಎಂದು ಕೂಗಾಡಿದಳು. "ಕಳ್ಳ ಅಂದ್ರಲ್ಲ ಅತ್ತಿಗೆ. ಇಟ್ಕೊಳ್ಳಿ ನೀವೇ" ಎಂದವನು ಅದನ್ನು ಅಲ್ಲೇ ಬಿಟ್ಟು ಹೊರಟ. ಕಣ್ಣಲ್ಲಿ ನೀರಿತ್ತು. ಎಂಥ ನಾಟಕದವನು ಅಂದುಕೊಂಡೆ.

ಆಮೇಲೆ ಅಮ್ಮ ಟ್ರಂಕಿನಿಂದ ನಿನ್ನ ಫೋಟೋ ತೆಗೆದು ಟಿವಿಯ ಮೇಲಿಟ್ಟಳು. "ಕ್ರಿಸ್‌ಮಸ್‌ಗೆ ಬಾ ಅಂತ ಬರಿ. ಅವನ ಮುಖ ನೋಡಬೇಕು" ಅಂದಳು. ಬಂದುಬಿಡೋ.

ಅಮ್ಮನ ಮುತ್ತುಗಳು, ನನ್ನ ಪ್ರೀತಿ,
ನಿನ್ನ ಅಕ್ಕ
ಲೊರೀನಾ

ತಾ.ಕ.: ಸೋಮವಾರ. ಅಂಚೆ ಕಚೇರಿಯಲ್ಲಿ ನಿಂತು ಗೀಚುತ್ತಿದ್ದೇನೆ. ದಾರಿಯಲ್ಲಿ ಹೋಬರ್ಟ್‌ಗೆ ಎರಡನ್ನೂ ತೋರಿಸಿದೆ. ಡಬ್ಬದ ತಳದಲ್ಲಿ ಕಾರ್ಖಾನೆಯವರು ಪೆನ್ಸಿಲಿನಲ್ಲಿ ಬರೆದ ಬಂದೂಕಿನ ನಂಬರು ಓದಿದ, ರಿವಾಲ್ವರಿನ ನಂಬರು ಓದಿದ, ತಲೆಯಾಡಿಸಿದ. ಎರಡೂ ಬೇರೆ ಬೇರೆ. ಇದು ಅಪ್ಪನದಲ್ಲ. ಚಿಕ್ಕಪ್ಪ ಟೋಪಿ ಹಾಕಲು ಹೊರಟಿದ್ದು ಕೊಳ್ಳುವವನಿಗೆ, ನಮಗಲ್ಲ. ವಾಪಸು ಕೊಟ್ಟು ಕ್ಷಮೆ ಕೇಳಲು ಈಗ ಅವನ ಮನೆಗೇ ಹೊರಟಿದ್ದೇನೆ. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ವರ್ಲಿನ್, ಅವತ್ತು ಬಸ್ಸಿಗೆ ನಿನ್ನ ಚೀಲ ಎತ್ತಿಕೊಡಲು ಬಂದರೆ ನನಗೆ ಮುಟ್ಟಗೊಡಲಿಲ್ಲ. ಅದರೊಳಗೆ ಏನಿತ್ತೋ?