ಮಾವನ ಮಗಳು

ದೇವಲಾಪುರ
10 ಜುಲೈ 2025

ಪ್ರೀತಿಯ ಮೌನೇಶ್ ಭಾವನಿಗೆ,

ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಅತ್ತೆ ಸ್ಪೀಕರ್ ಹಾಕಿಸದೆ ಬಿಡುವುದಿಲ್ಲ, ಅತ್ತೆಯ ಮುಂದೆ ನಾನು ಹೂಂ ಅನ್ನುವುದು ಬಿಟ್ಟು ಬೇರೆ ಕಲಿತಿಲ್ಲ. ಮದುವೆಯ ಬೆನ್ನಿಗೇ ಆಷಾಢ ಬಂತೆಂದು ನನ್ನನ್ನು ತವರಿಗೆ ಬಿಟ್ಟು ಹೋಗುವಾಗ, ಬಸ್ಸಿನ ಬಾಗಿಲಲ್ಲಿ ನಿಂತು ಕೇಳಿದಿರಲ್ಲ, "ಮಿಲಿಟ್ರಿಗೆ ಓಗ್ಲಾ ಬ್ಯಾಡ್ವಾ, ನೀನೇ ಯೋಳು" ಎಂದು. ಆ ಮಾತಿಗೆ ಈ ಕಾಗದ.

ಇಲ್ಲಿ ಮಳೆ ಬಿದ್ದು ರಾಗಿಗೆ ಹೊಲ ಉಳುತ್ತಿದ್ದಾರೆ. ಆಷಾಢದಲ್ಲಿ ಅಪ್ಪನ ಅಂಗಡಿಗೆ ತಾಳಿ ಮಾಡಿಸಲು ಯಾರೂ ಬರುವುದಿಲ್ಲ. ಮುರಿದ ಓಲೆ, ತುಂಡಾದ ಗೆಜ್ಜೆ ಬೆಸೆಯುತ್ತಾ ಕೂತಿರುತ್ತಾರೆ. ಮೊನ್ನೆ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಮಿಲಿಟರಿಯ ನಾಲ್ಕು ವರ್ಷದ ಅಗ್ನಿವೀರ್ ಕೆಲಸಕ್ಕೆ ನಿಮ್ಮ ಹೆಸರು ಬಂದಿರುವುದು, ಮದುವೆಯಾದವರನ್ನು ಅವರು ಸೇರಿಸಿಕೊಳ್ಳದಿರುವುದು. ಹೇಗೂ ನಾನು ನಿಮ್ಮ ಸೋದರಮಾವನ ಮಗಳು, ನಾಲ್ಕು ವರ್ಷ ತಾಳಿ ತೆಗೆದಿಟ್ಟು ಹಾಗೆಂದೇ ಹೇಳಿಕೊಂಡಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲವೆಂದು ಅತ್ತೆ ದಾರಿ ತೋರಿಸಿರುವುದನ್ನೂ ಹೇಳಿದೆ. ಅಲ್ಲಿಯವರೆಗೆ ತಾಳಿ ನಿಮ್ಮ ಪೆಟ್ಟಿಗೆಯಲ್ಲೇ ಇರಲಿ ಅಪ್ಪ ಎಂದೆ. ಅಪ್ಪ ಊದುಗೊಳವೆ ಕೆಳಗಿಟ್ಟರು.

"ತಾಳಿ ಮಾಡ್ಕೊಡೋ ಕೈ ಕಣವ್ವಾ ಇದು. ವಾಪಸ್ ಇಸ್ಕಳಾಕೆ ನನ್ ಕೈಲಾಗಕಿಲ್ಲ."

ನಿಮ್ಮನ್ನಾಗಲಿ ತಮ್ಮ ಅಕ್ಕನಾದ ಅತ್ತೆಯನ್ನಾಗಲಿ ಒಂದು ಮಾತೂ ಬೈಯಲಿಲ್ಲ.

ಬೈಯುವುದಾದರೂ ಯಾರನ್ನು? ನಮ್ಮಿಬ್ಬರನ್ನೂ ಎತ್ತಿ ಆಡಿಸಿದ ದೊಡ್ಡತಾಯಮ್ಮಜ್ಜಿ ತೀರಿಕೊಂಡಳು. ವರ್ಷದೊಳಗೆ ಮದುವೆ ಆಗಬೇಕು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕೆಂದು ಎರಡೂ ಮನೆಯವರು ಆತುರಪಟ್ಟರು. ರಿಸಲ್ಟ್ ಬರಲಿ ತಡೆಯಿರಿ ಎಂದಿರಿ ನೀವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಜ್ಜಿ ಇನ್ನೊಂದು ವರ್ಷ ಬದುಕಿದ್ದರೆ ಎಂದು ದಿನವೂ ಅನ್ನಿಸುತ್ತದೆ. ಪಾಂಡವಪುರದ ನಾಲೆ ಏರಿಯ ಮೇಲೆ ಕೋಳಿ ಕೂಗುವ ಮುಂಚೆ ಎದ್ದು ಓಡಿದವರು ನೀವು. ರಿಸಲ್ಟ್ ಬಂದ ದಿನ ಹಿತ್ತಲಲ್ಲಿ ಮರಗೆಲಸದ ಬಾಚಿ ಹಿಡಿದು, ಏನನ್ನೂ ಕೆತ್ತದೆ ಕೂತಿದ್ದಿರಿ.

ಆದರೂ ಬೇಡ ಭಾವ. ಹೋಗಬೇಡಿ. ಮದುವೆಯಾಗಿದೆ ಎಂದು ಬರೆದುಕೊಟ್ಟು ಬಂದುಬಿಡಿ. ಮುಂದೆ ಯಾರದೋ ಮನೆ ಬಾಗಿಲಿಗೆ ಉಜ್ಜುಗೊರಡು ಹಾಕುವಾಗಲೆಲ್ಲ ಇವಳಿಂದಾಗಿ ಹೀಗಾಯಿತು ಎಂದು ನಿಮಗೆ ಅನ್ನಿಸುತ್ತದೆ, ಗೊತ್ತು. ಬಸ್ಸಿನಲ್ಲಿ ಮಿಲಿಟರಿಯವರನ್ನು ಕಂಡರೆ ನಾನೂ ಮುಖ ಆ ಕಡೆ ತಿರುಗಿಸುತ್ತೇನೆ. ಇಬ್ಬರೂ ಅದನ್ನು ಅನುಭವಿಸೋಣ.

ಇಷ್ಟಾದ ಮೇಲೂ ಹೋಗಲೇಬೇಕು ಅನ್ನಿಸಿದರೆ ಹೋಗಿ. ನಾನು ಯಾರ ಕಿವಿಗೂ ಹಾಕಿ ತಡೆಯುವವಳಲ್ಲ. ಆದರೆ ಆಷಾಢ ಮುಗಿದ ಮೇಲೆ ನನ್ನನ್ನು ಕರೆದೊಯ್ಯಲು ಬರಬೇಡಿ. ಮಾವನ ಮಗಳು ಮಾವನ ಮನೆಯಲ್ಲೇ ಇರುತ್ತಾಳೆ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬಾರದೆಂದು ಅತ್ತೆಗೆ ಹೇಳಿ. ಎಲ್ಲಿದ್ದರೂ ಅಜ್ಜಿ ನಿಮ್ಮನ್ನು ಕಾಯಲಿ.

ನಿಮ್ಮ ಹೆಂಡತಿ,
ಸೌಮ್ಯಶ್ರೀ

ವಿ.ಸೂ.: ಮಿಲಿಟರಿ ಕೆಲಸಕ್ಕೆಂದು ನಿಮ್ಮ ವಿಚಾರಣೆಗೆ ಪೊಲೀಸಿನವರು ಬಂದ ದಿನ ಅತ್ತೆ ನನ್ನ ತಾಳಿ, ಕಾಲುಂಗುರ ಬಿಚ್ಚಿಸಿ ಸಾಸಿವೆ ಡಬ್ಬಿಗೆ ಹಾಕಿದರು. ಅದನ್ನೂ ಸಹಿಸಿಕೊಂಡೆ. ನಾನು ನೀರು ತಂದಾಗ ಪೊಲೀಸಿನವರು ಇವರ್ಯಾರು ಎಂದರು. ನೀವು ತಡವರಿಸುತ್ತೀರೇನೋ, ಒಮ್ಮೆ ನನ್ನ ಮುಖ ನೋಡುತ್ತೀರೇನೋ ಎಂದು ಚೊಂಬು ಹಿಡಿದು ನಿಂತೆ. "ನಮ್ಮಾವನ್ ಮಗ್ಳು ಸಾರ್, ನಾಕ್ ದಿನ ಇರಾಕ್ ಬಂದವ್ಳೆ" ಅಂದಿರಿ. ಅಷ್ಟು ಸಲೀಸಾಗಿ. ಅವರು ಹೋದ ಮೇಲೆ ಡಬ್ಬಿ ಹುಡುಕಿ, ಸಾಸಿವೆ ಕೊಡವಿ, ತಾಳಿ ನಾನೇ ಹಾಕಿಕೊಂಡೆ. ತಾಳಿ ಎಲ್ಲಿ ಎಂದು ನೀವು ಕೇಳಲೂ ಇಲ್ಲ.